ನಲವತ್ತು ಸಾಧಾರಣ ಸಸಿಗಳು

ಸುಮಿಯೆ ಕುರಿಹಾರಾಳ ತೋಟಕ್ಕೆ ನೆಲವಿರಲಿಲ್ಲ. ಓಣಿಯ ಅಗಲ ಏಳು ಅಡಿ. ಅದರಲ್ಲಿ ಸೈಕಲ್ಲುಗಳು, ಟೋಫು ಮಾರುವವನ ಗಾಡಿ, ಎದುರುಬದುರಾದವರು ಸೊಂಟ ಬಗ್ಗಿಸಿ ಮಾಡುವ ನಮಸ್ಕಾರ, ಎಲ್ಲಕ್ಕೂ ಜಾಗ ಬಿಡಬೇಕಿತ್ತು. ಬಿಟ್ಟ ಮೇಲೆ ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಉಳಿಯುತ್ತಿತ್ತು. ಅಲ್ಲಿ ಮೂರು ಮೆಟ್ಟಿಲಿನ ಮರದ ಹಲಗೆ, ಹಲಗೆಯ ಮೇಲೆ ಮೂವತ್ತೊಂದು ಕುಂಡ. ಸುಮಿದಾ ನದಿಯ ಪೂರ್ವದ ಓಣಿಗಳಲ್ಲಿ ಎಲ್ಲರ ತೋಟವೂ ಹೀಗೆಯೇ. ಆದರೆ ಹಾದುಹೋಗುವವರು ನಿಂತು ನೋಡುತ್ತಿದ್ದದ್ದು ಅವಳದನ್ನು.

ಗಿಡ ಕೊಳ್ಳುವ ಮೊದಲು ಓಣಿಯ ಹೆಂಗಸರು ಅವಳ ಬಳಿ ಬರುತ್ತಿದ್ದರು. ಅವಳ ಉತ್ತರ ಯಾವಾಗಲೂ ಒಂದು ಪ್ರಶ್ನೆಯಿಂದ ಶುರುವಾಗುತ್ತಿತ್ತು: "ನಿಮ್ಮ ಗೋಡೆಗೆ ಬಿಸಿಲು ಎಷ್ಟು ಗಂಟೆಗೆ ಬರುತ್ತೆ, ಎಷ್ಟು ಗಂಟೆಗೆ ಹೋಗುತ್ತೆ?" ಗೊತ್ತಿಲ್ಲ ಎಂದರೆ, "ಒಂದು ಭಾನುವಾರ ಕೂತು ನೋಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದು ಕಳಿಸಿಬಿಡುವಳು. ಮೂರು ಗಂಟೆಗಿಂತ ಕಡಿಮೆಯಾದರೆ ಜರೀಗಿಡ. ಬೆಳಗಿನ ಬಿಸಿಲಾದರೆ ಹೈಡ್ರಾಂಜಿಯ. ಮಧ್ಯಾಹ್ನದ ಬಿಸಿಲು ಗೋಡೆಗೆ ಬಡಿದು ವಾಪಸು ಬರುವಂತಿದ್ದರೆ ಬಳ್ಳಿ. ನೀರನ್ನು ಗಡಿಯಾರ ನೋಡಿ ಹಾಕಬಾರದು, ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ ಹಾಕಬೇಕು. ಕೊನೆಯ ನಿಯಮವನ್ನು ಅವಳು ಸ್ವಲ್ಪ ದನಿ ಏರಿಸಿ ಹೇಳುತ್ತಿದ್ದಳು: "ಕುಂಡ ಚಿಕ್ಕದು. ಸಪ್ಪೆ ಗಿಡಕ್ಕೆ ಕರುಣೆ ತೋರಿಸಿದ್ರೆ ಚೆಂದದ್ದು ಸೊರಗುತ್ತೆ. ಕಿತ್ತು ಹಾಕೋಕೆ ಕೈ ನಡುಗೋರು ತೋಟ ಮಾಡಬಾರದು."

ಅವಳ ಕೈ ನಡುಗುತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಅವಳು ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಕೂತವಳು. ಬಿಳಿ ಬಟ್ಟೆಯ ಮೇಲೆ ಚಿಪ್ಪಿನ ಗುಂಡಿಗಳನ್ನು ಹರಡಿದರೆ ಗೀರು ಬಿದ್ದದ್ದು, ತೂತು ಓರೆಯಾದದ್ದು, ಹೊಳಪಿಲ್ಲದ್ದು ತಾವಾಗಿ ಎದ್ದು ಅವಳ ಬೆರಳಿಗೆ ಬರುತ್ತಿದ್ದವು. ನಿವೃತ್ತಳಾದಾಗ ಮೇಸ್ತ್ರಿ, "ನಿನ್ನ ಕಣ್ಣು ತಪ್ಪಿಸಿಕೊಂಡ ಗುಂಡಿ ಈ ಊರಲ್ಲೇ ಇಲ್ಲ" ಎಂದಿದ್ದ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆದರೆ ಮರೆತೂ ಇರಲಿಲ್ಲ.

ಒಂದೇ ಗೋಡೆಯ ಆಚೆ ಮಿನೆಗಿಷಿಯ ಮನೆ. ಎಪ್ಪತ್ತನಾಲ್ಕು ವರ್ಷದ ಮುದುಕ, ಚಾಪೆ ಹೊಲಿಯುವ ಕಸುಬು ಮಾಡಿ ಬಿಟ್ಟವನು, ಹೆಂಡತಿ ತೀರಿ ಆರು ವರ್ಷವಾಗಿತ್ತು. ಅವನು ಬೆಳೆಯುತ್ತಿದ್ದದ್ದು ಅಸಾಗಾವೊ ಒಂದನ್ನೇ. ಬೆಳಗಿನ ಮುಖ ಎಂದು ಆ ಹೂವಿನ ಹೆಸರು. ಬೆಳಕು ಹರಿಯುವಾಗ ಅರಳಿ ಹತ್ತು ಗಂಟೆಗೆ ಮುದುಡುವ ಬಳ್ಳಿ, ಒಂದನೇ ತರಗತಿಯ ಮಕ್ಕಳೆಲ್ಲ ಶಾಲೆಯಲ್ಲಿ ಒಂದೊಂದು ಕುಂಡ ಬೆಳೆಸಿ ಬೇಸಿಗೆ ರಜೆಗೆ ಮನೆಗೆ ಹೊತ್ತು ತರುವಂಥದ್ದು. ಮಿನೆಗಿಷಿಯ ಕೆಲವು ಗಿಡಗಳು ಮಾತ್ರ ಬೇರೆ. ಅವುಗಳ ಎಲೆ ಮುರುಟಿಕೊಂಡಿರುತ್ತಿತ್ತು. ಹೂವಿನ ದಳ ಸೀಳಿ ಸೀಳಿ ಕೊಳವೆಗಳಾಗಿ, ತುದಿ ಹಿಂದಕ್ಕೆ ಮಡಚಿ ಪುಟ್ಟ ಗಂಟೆಗಳಂತೆ ತೂಗುತ್ತಿತ್ತು. ಕೇಸರ ಕೆದರಿದಂತಿದ್ದುದರಿಂದ ಅವನ ತಂದೆ ಅದಕ್ಕೆ ಸಿಂಹ ಎಂದು ಹೆಸರಿಟ್ಟಿದ್ದ. ಊರಿಗೆ ಬೆಂಕಿ ಬಿದ್ದ ಯುದ್ಧದ ವರ್ಷ ಆ ತಂದೆ ಬೀಜಗಳನ್ನು ಹೊಟ್ಟೆಪಟ್ಟಿಯೊಳಗೆ ಕಟ್ಟಿಕೊಂಡು ನದಿ ದಾಟಿದ್ದನಂತೆ.

ಸುಮಿಯೆಗೆ ಸಿಂಹಗಳ ಬಗ್ಗೆ ತಕರಾರಿರಲಿಲ್ಲ. ಅವನ ಹಲಗೆಯ ಅರ್ಧದಷ್ಟು ಕುಂಡಗಳಲ್ಲಿ ಮಾಮೂಲಿ ನೀಲಿ ಹೂವೇ ತುಂಬಿರುತ್ತಿದ್ದುದು ಅವಳ ಕಣ್ಣಿಗೆ ಮುಳ್ಳಾಗಿತ್ತು.

"ಮಿನೆಗಿಷಿ-ಸಾನ್, ಒಂದನೇ ಕ್ಲಾಸಿನ ಹೋಂವರ್ಕ್ ಇನ್ನೂ ಮುಗೀಲಿಲ್ವಾ?" ಎಂದು ಪ್ರತಿ ಬೇಸಿಗೆಯೂ ಕೆಣಕುವಳು.

"ಏನ್ ಮಾಡೋದಮ್ಮಾ, ಮೇಷ್ಟ್ರು ಪಾಸ್ ಮಾಡ್ತಾನೇ ಇಲ್ಲ" ಎಂದು ಅವನು ನಗುವನು. ವಿವರಿಸುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಕೇಳುವುದು ಅವಳ ಕೆಲಸವಲ್ಲ, ಹೇಳುವುದು ಅವಳ ಕೆಲಸ.

ಆ ವರ್ಷ ಜೂನ್ ತಿಂಗಳ ಎರಡನೇ ತಾರೀಖು ಮಿನೆಗಿಷಿ ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆ ಸೇರಿದ. ಹೋಗುವ ಬೆಳಿಗ್ಗೆ ಅವಳನ್ನು ಕರೆದು ಎರಡು ಮರದ ಪೆಟ್ಟಿಗೆ ತೋರಿಸಿದ. ಸಾಲು ಸಾಲಾಗಿ ಸಸಿಗಳು ಎದ್ದಿದ್ದವು.

"ನೀರು ಮಾತ್ರ. ಬೆಳಿಗ್ಗೆ ಮಾತ್ರ. ಬೇರೆ ಏನೂ ಮುಟ್ಟಬೇಡಿ."

"ಆಯ್ತು" ಎಂದಳು. ಒಳಗೆ ಮಾತ್ರ ಚುರುಕ್ಕೆಂದಿತು. ಇಡೀ ಓಣಿಗೆ ಗಿಡದ ಪಾಠ ಹೇಳುವವಳಿಗೆ, ಏನೂ ಮುಟ್ಟಬೇಡಿ ಎಂದರೆ?

ಆರು ದಿನ ನೀರು ಹಾಕಿದಳು. ಏಳನೆಯ ದಿನ ನೋಡಿದರೆ ಪೆಟ್ಟಿಗೆಗಳು ಕಿಕ್ಕಿರಿದಿದ್ದವು. ಎಣಿಸಿದಳು: ಐವತ್ತೆರಡು. ಹನ್ನೆರಡು ಸಸಿಗಳ ಎಲೆ ಮುರುಟಿತ್ತು, ಅವು ಸಿಂಹಗಳು. ಉಳಿದ ನಲವತ್ತು ಚಪ್ಪಟೆ ಎಲೆಯ ಸಾಧಾರಣ ಸಸಿಗಳು. ಅವು ಎರಡು ಪಟ್ಟು ಎತ್ತರ ಬೆಳೆದು ಸಿಂಹಗಳ ಬೆಳಕು ಕುಡಿಯುತ್ತಿದ್ದವು. ಪಾಪ, ಮುದುಕನಿಗೆ ಕೀಳುವ ಧೈರ್ಯವಿಲ್ಲ, ಬರುವಷ್ಟರಲ್ಲಿ ಚೊಕ್ಕ ಮಾಡಿಟ್ಟರೆ ಸಂತೋಷಪಡುತ್ತಾನೆ ಎಂದುಕೊಂಡಳು. ಅದು ಪೂರ್ತಿ ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಆಸೆಯಿತ್ತು: ತೋಟ ಮಾಡುವುದು ಹೇಗೆಂದು ಅವನಿಗೆ ಒಮ್ಮೆ ತೋರಿಸಬೇಕು.

ಬೇರಿನ ಹತ್ತಿರ ಹಿಡಿದು ಒಂದೊಂದಾಗಿ ಕಿತ್ತಳು. ಬೇರುಗಳೆಲ್ಲ ಒಂದೇ ಕಡೆ ಬರುವಂತೆ ಹತ್ತತ್ತರ ಕಟ್ಟು ಮಾಡಿ ಪಕ್ಕಕ್ಕಿಟ್ಟಳು. ಅಭ್ಯಾಸಬಲ. ನಾಲ್ಕನೆಯ ಕಟ್ಟು ಮುಗಿಯುವಾಗ ಓಣಿಯ ತುದಿಯ ಸ್ನಾನದ ಮನೆಯ ಒಡತಿ ಟೋಕಿಯೆ ಹಾದುಹೋಗುತ್ತಿದ್ದಳು. ಮನೆಮನೆಗೆ ಬಚ್ಚಲು ಬಂದಿರದ ಆ ಓಣಿಯವರೆಲ್ಲ ಸಂಜೆ ಮೈ ತೊಳೆಯುತ್ತಿದ್ದದ್ದು ಅಲ್ಲಿಯೇ.

"ಅಯ್ಯಯ್ಯೋ, ಅಕ್ಕಾ, ಇಷ್ಟು ಹಸಿರಾಗಿರೋದನ್ನ ಎಸೀತೀರಾ? ನಮ್ಮ ಬಾಯ್ಲರ್ ಗೋಡೆ ಬೋಳಾಗಿ ಕಾಣುತ್ತೆ. ಒಂದಿಷ್ಟು ಕೊಡಿ."

"ತಗೊಂಡೋಗಿ. ಎಲ್ಲಿ ಚುಚ್ಚಿದ್ರೂ ಬರುತ್ತೆ. ನಾಚಿಕೆ ಇಲ್ಲದ ಬಳ್ಳಿ."

ಅವು ಸುಮಿಯೆಯವೇ ಎಂದುಕೊಂಡು ಟೋಕಿಯೆ ಒಂದು ಹಿಡಿ ಎತ್ತಿಕೊಂಡಳು. ಉಳಿದದ್ದನ್ನು ಸುಮಿಯೆ ಗೊಬ್ಬರದ ಡಬ್ಬಕ್ಕೆ ಹಾಕುವಾಗ ಎಣಿಸಿದಳು: ಮೂವತ್ತೊಂದು. ಹಾಗಾದರೆ ಒಂಬತ್ತು ಹೋಗಿವೆ. ಹನ್ನೆರಡು ಸಿಂಹಗಳನ್ನು ತನ್ನ ಅತ್ಯುತ್ತಮ ಮಣ್ಣಿನ ಕುಂಡಗಳಲ್ಲಿ ನೆಟ್ಟು, ಅವನ ಹಲಗೆ ತೊಳೆದು, ಸಾಲಾಗಿ ಜೋಡಿಸಿದಳು.

ಮಿನೆಗಿಷಿ ಇಪ್ಪತ್ತೈದನೆಯ ತಾರೀಖು ಮರಳಿದ. ಹೊಟ್ಟೆಯ ಮೇಲೊಂದು ಕೈ, ಇನ್ನೊಂದರಲ್ಲಿ ಕಾಗದ ಸುತ್ತಿದ ಪೆಟ್ಟಿಗೆ. ಸುಮಿಯೆ ಹಲಗೆಯ ಪಕ್ಕದಲ್ಲಿ ನಿಂತಿದ್ದಳು, ಹೊಗಳಿಕೆಗೆ ಕಾಯುತ್ತ. ಅವನು ಹನ್ನೆರಡು ಕುಂಡಗಳನ್ನು ನೋಡಿದ. ಕತ್ತು ಚಾಚಿ ಅವುಗಳ ಹಿಂದೆ ನೋಡಿದ. ಬಗ್ಗಲಾರದೆ ಬಗ್ಗಿ ಹಲಗೆಯ ಅಡಿ ನೋಡಿದ.

"ಉಳಿದವು ಎಲ್ಲಿ?" ಎಂದ. ಮುಖದಲ್ಲಿ ರಕ್ತವಿರಲಿಲ್ಲ.

ಆ ಮುಖ ನೋಡಿದ ಕೂಡಲೇ, ತಾನು ಮಾಡಿದ್ದೇನೆಂದು ಮನಸ್ಸಿಗೆ ತಿಳಿಯುವ ಮೊದಲೇ, ನಾಲಿಗೆ ಓಡಿತು. "ಹುಳು ತಿಂತು. ಸಿಂಬಳಹುಳು. ಒಂದೇ ರಾತ್ರೀಲಿ. ನಾನು ಬೆಳಿಗ್ಗೆ ನೋಡೋ ಹೊತ್ತಿಗೆ..."

ಚಿಪ್ಪಿಲ್ಲದ ಆ ಬಸವನಹುಳುಗಳು ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಇರುತ್ತಿದ್ದವು. ನಂಬದಿರಲು ಕಾರಣವಿರಲಿಲ್ಲ.

ಮಿನೆಗಿಷಿ ಹೊಸ್ತಿಲ ಮೇಲೆ ಕುಳಿತ. "ಇವು ಬಂಜೆ ಗಿಡ ಕಣಮ್ಮಾ" ಎಂದ, ಸಿಂಹಗಳ ಕಡೆ ಗದ್ದ ಎತ್ತಿ. "ಹೂವಷ್ಟೇ, ಬೀಜ ಕಟ್ಟಲ್ಲ. ಬೀಜ ಕೊಡೋದು ಆ ಸಾದಾ ನೀಲಿ ಗಿಡಗಳೇ. ಒಂದೇ ತಾಯಿ ಮಕ್ಕಳು ಎಲ್ಲ. ಸಾದಾದವರಲ್ಲಿ ಮೂರಕ್ಕೆ ಎರಡು ಗಿಡ ಸಿಂಹವನ್ನ ಒಳಗೆ ಬಚ್ಚಿಟ್ಕೊಂಡಿರುತ್ತೆ. ಅದರ ಬೀಜ ಹಾಕಿದ್ರೆ ನಾಲ್ಕಕ್ಕೊಂದು ಸಿಂಹ ಹುಟ್ಟುತ್ತೆ. ಅವನ್ನ ನಾವು ತಾಯಿಗಿಡ ಅಂತೀವಿ."

"ಬೇರೆ ಬೀಜ ಇಟ್ಟಿರ್ತೀರಲ್ಲ..."

"ಹೋದ ವರ್ಷ ಬಿರುಗಾಳಿಗೆ ಕಾಯೆಲ್ಲ ಉದುರಿಹೋಯ್ತಲ್ಲ. ಸಿಕ್ಕಿದ ಐವತ್ತೆಂಟನ್ನೂ ಹಾಕಿಬಿಟ್ಟೆ." ಅವನೇ ಮುಂದುವರಿಸಿದ, "ತಪ್ಪು ನಂದೇ. ಪೆಟ್ಟಿಗೇನ ನೆಲದ ಮೇಲೇ ಬಿಟ್ಟು ಹೋದೆ. ಇಟ್ಟಿಗೆ ಮೇಲಾದ್ರೂ ಇಡಬೇಕಿತ್ತು. ನಿಮಗೆ ಸುಮ್ಮನೆ ತೊಂದರೆ." ಆಮೇಲೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಕೊಟ್ಟ.

ಗುಣವಾಗಿ ಮನೆಗೆ ಬಂದವರು ನೋಡಿಕೊಂಡವರಿಗೆ ಕೊಡುವ ಮರು ಉಡುಗೊರೆ. ಕಾಯಿಲೆಯ ಜೊತೆ ಕರಗಿಹೋಗಲಿ ಎಂದು ಸೋಪನ್ನೋ ಸಕ್ಕರೆಯನ್ನೋ ಕೊಡುತ್ತಾರೆ. ಅದು ಮೂರು ಸೋಪಿನ ಪೆಟ್ಟಿಗೆ. ಸುಮಿಯೆ ಅದನ್ನು ತೆಗೆದುಕೊಂಡಳು. ತೆಗೆದುಕೊಳ್ಳದಿರಲು ಕಾರಣ ಹೇಳಬೇಕಾಗುತ್ತಿತ್ತು.

ಮನೆಯೊಳಗೆ ಅವಳ ಗಂಡ ಕಿಸಾಬುರೊ ಪತ್ರಿಕೆ ಓದುತ್ತಿದ್ದ. ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು, ಮಾತು ಕಡಿಮೆ. ಗೋಡೆ ತೆಳು, ಎಲ್ಲ ಕೇಳಿಸಿತ್ತು. ಅವಳು ಸಸಿ ಕೀಳುವುದನ್ನು ಅವನು ಕಿಟಕಿಯಿಂದ ನೋಡಿಯೂ ಇದ್ದ. ಪುಟ ತಿರುಗಿಸುತ್ತ ಕೇಳಿದ:

"ಆ ಹುಳು ಕನ್ನಡಕ ಹಾಕ್ಕೊಂಡಿತ್ತಾ?"

ಸುಮಿಯೆ ತನ್ನ ಕನ್ನಡಕ ತೆಗೆದು ಒರೆಸಿದಳು. ಸೋಪಿನ ಪೆಟ್ಟಿಗೆಯನ್ನು ಕಪಾಟಿನ ಮೇಲೆ, ಹಾಸಿಗೆಗಳ ಹಿಂದೆ ಇಟ್ಟಳು. ಆದರೂ ಮಲಗಿದರೆ ಅದರ ವಾಸನೆ ಬರುತ್ತಿತ್ತು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮಾರನೆಯ ದಿನವೇ ಅಕ್ಕಿಹಪ್ಪಳದ ಅಂಗಡಿಯ ನೊಬುಯೊ ಸುದ್ದಿಯನ್ನು ಓಣಿಯ ಎರಡೂ ತುದಿಗೆ ಮುಟ್ಟಿಸಿದಳು. ಮುದುಕನ ತಂದೆಯ ಕಾಲದ ಬಳ್ಳಿಯನ್ನು ಹುಳು ತಿಂದುಹಾಕಿತಂತೆ, ಹನ್ನೆರಡನ್ನಾದರೂ ಉಳಿಸಬೇಕು! ತಟ್ಟೆಯಲ್ಲಿ ಬಿಯರ್ ಇಟ್ಟರೆ ಸಿಂಬಳಹುಳು ಕುಡಿಯಲು ಬಂದು ಮುಳುಗಿ ಸಾಯುತ್ತದೆ. ಏಳು ಮನೆಯವರು ಏಳು ತಟ್ಟೆ ತಂದು ಮಿನೆಗಿಷಿಯ ಹಲಗೆಯ ಸುತ್ತ ಇಟ್ಟರು. ದಿನಾ ಸಂಜೆ ಸರದಿಯ ಪ್ರಕಾರ ತುಂಬಿಸಿದರು.

"ನಮ್ಮ ಮನೆಯೋರಿಗೆ ತಿಂಗಳಿಗೆ ಎರಡೇ ಬಾಟ್ಲಿ, ಹುಳಕ್ಕೆ ದಿನಾ ಹಬ್ಬ" ಎಂದಳು ನೊಬುಯೊ.

"ಸುಮಿಯೆ-ಸಾನ್, ನೀವು ನೋಡಿದ ಹುಳು ಎಷ್ಟುದ್ದ ಇತ್ತು? ನಲವತ್ತು ಸಸಿ ಅಂದ್ರೆ ಹಾವೇ ಇರಬೇಕು!" ಎಂದರು ಇನ್ನೊಬ್ಬರು.

"ಗೊತ್ತಾಗಲಿಲ್ಲ, ಕತ್ತಲಿತ್ತು" ಎಂದಳು ಸುಮಿಯೆ. ಬೆಳಿಗ್ಗೆ ಎಂದು ಹೇಳಿದ್ದೆನಲ್ಲ ಎಂದು ನೆನಪಾಗಿ ಕಿವಿ ಕಾದವು. ಯಾರೂ ಗಮನಿಸಲಿಲ್ಲ. ಅವಳ ಮಾತನ್ನು ಪರೀಕ್ಷಿಸಿ ನೋಡುವವರು ಆ ಓಣಿಯಲ್ಲಿ ಇರಲಿಲ್ಲ, ಅಷ್ಟು ವರ್ಷ ಗಳಿಸಿದ ನಂಬಿಕೆ. ಅದೇ ಈಗ ಹಿಸುಕುತ್ತಿತ್ತು.

ಜುಲೈ ನಡುವಿನ ಒಂದು ಬೆಳಿಗ್ಗೆ, ಐದು ಗಂಟೆಗೆ, ಮಿನೆಗಿಷಿ ಓಣಿಯವರನ್ನು ಹೂ ನೋಡಲು ಕರೆದ. ಎಲ್ಲರೂ ಹತ್ತಿಬಟ್ಟೆಯ ನಿಲುವಂಗಿಯಲ್ಲಿ, ಕೆಲವರು ಹಲ್ಲುಜ್ಜುವ ಬ್ರಷ್ ಹಿಡಿದೇ ಬಂದರು. ಹನ್ನೆರಡು ಕುಂಡದಲ್ಲಿ ಏಳು ಅರಳಿದ್ದವು. ಕೆದರಿದ ನೀಲಿ ಕೇಸರ, ಕೊಳವೆಯಾದ ದಳಗಳ ತುದಿಯಲ್ಲಿ ಬಿಳಿಯ ಪುಟ್ಟ ಗಂಟೆಗಳು. ಸುಮಿಯೆ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಗುಂಡಿಯಲ್ಲಾದರೆ ದೋಷ ಎಂದು ತೆಗೆದಿಡುವ ಪ್ರತಿಯೊಂದೂ, ಸೀಳು, ಮುರುಟು, ಓರೆ, ಇಲ್ಲಿ ಚೆಂದವಾಗಿ ಕೂತಿತ್ತು.

"ಇದು ಕೊನೆಯ ಸಿಂಹ. ಚೆನ್ನಾಗಿ ನೋಡಿಕೊಳ್ಳಿ" ಎಂದ ಮಿನೆಗಿಷಿ. ಅಳಲಿಲ್ಲ. ಮಾಡಿ ಮುಗಿಸಿದ ಚಾಪೆಯನ್ನು ಗಿರಾಕಿಗೆ ಕೊಡುವವನಂತೆ ಹೇಳಿದ. "ಇಷ್ಟಾದ್ರೂ ಉಳಿದದ್ದು ಕುರಿಹಾರಾ-ಸಾನ್ ಇದ್ದದ್ದಕ್ಕೆ." ಎಲ್ಲರೆದುರು ಅವಳಿಗೆ ಬಾಗಿ ನಮಸ್ಕರಿಸಿದ. ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿ ಬಿಡಬಾರದೆ ಎಂದುಕೊಂಡು ಅವಳೂ ಬಾಗಿದಳು. ಬಾಗಿದಾಗ ಕಣ್ಣೆದುರು ಬಿಯರಿನ ತಟ್ಟೆಯಿತ್ತು, ಅದರಲ್ಲಿ ಎರಡು ಹುಳುಗಳು ಸತ್ತು ತೇಲುತ್ತಿದ್ದವು. ತಾವು ಮಾಡದ ತಪ್ಪಿಗೆ ಸತ್ತವು.

ಅಲ್ಲಿಂದ ಮುಂದೆ ಗಿಡದ ಸಲಹೆ ಕೇಳಲು ಬಂದವರಿಗೆ ಅವಳು ಗೊತ್ತಿಲ್ಲ ಎನ್ನತೊಡಗಿದಳು. ಸೆಕೆಗೆ ಆಯಾಸ ಎಂದು ಜನ ತಿಳಿದರು.

ಆಗಸ್ಟ್ ಕೊನೆಯ ಶನಿವಾರ ಅವಳು ಟವೆಲ್ಲು ಹಾಕಿದ ಬೋಗುಣಿ ಹಿಡಿದು ಸ್ನಾನದ ಮನೆಗೆ ಹೋದಾಗ ಟೋಕಿಯೆ ಬಾಗಿಲಲ್ಲೇ ಹಿಡಿದಳು.

"ಅಕ್ಕಾ, ನಿಮ್ಮ ನಾಚಿಕೆ ಇಲ್ಲದ ಬಳ್ಳಿ ಚಿಮಣಿ ಮುಟ್ಟೋಕೆ ಹೊರಟಿದೆ! ಬೆಳಿಗ್ಗೆ ನೋಡಬೇಕು ನೀವು, ಗೋಡೆ ತುಂಬಾ ನೀಲಿ. ಪಾಪ, ಸೋಮವಾರ ಬಣ್ಣದೋನು ಬರ್ತಾನೆ, ಎಲ್ಲಾ ಕಿತ್ತು ಹಾಕ್ಬೇಕು."

ಸುಮಿಯೆಯ ಕೈಯಲ್ಲಿದ್ದ ಬೋಗುಣಿ ತಾನಾಗಿ ಎದೆಗೆ ಬಂತು. ಸ್ನಾನದ ಮನೆ ತೆರೆಯುವುದು ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ಹೂ ಮುದುಡಿರುತ್ತದೆ. ಎರಡೂವರೆ ತಿಂಗಳಿಂದ ಆ ಗೋಡೆಯ ಮುಂದೆಯೇ ಓಡಾಡಿದ್ದಳು, ತಲೆ ತಗ್ಗಿಸಿಕೊಂಡು. ಈಗ ಹತ್ತಿರ ಹೋಗಿ ತಲೆಯೆತ್ತಿ ನೋಡಿದಳು. ಒಂಬತ್ತು ಬುಡ. ಒಂದೂ ಸತ್ತಿರಲಿಲ್ಲ. ಎಲೆಗಳ ಸಂದಿಯಲ್ಲಿ ಕಾಯಿಗಳು, ಹೆಚ್ಚಿನವು ಹಸಿರು, ಕೆಲವು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದವು. ಒಂಬತ್ತರಲ್ಲಿ ಮೂರಕ್ಕೆ ಎರಡು ಎಂದರೆ ಆರು. ಆರು ತಾಯಿಗಿಡ.

ಸ್ನಾನ ಮಾಡದೆ ವಾಪಸು ಹೊರಟಳು. ಹೇಳಲೇಬೇಕು. ಆದರೆ ಒಂಬತ್ತು ಸಸಿ ಅಲ್ಲಿಗೆ ಹೇಗೆ ಹೋದವೆಂದು ಹೇಳಿದರೆ ಹುಳುವಿನ ಕತೆ ಮುರಿದುಬೀಳುತ್ತದೆ. ಓಣಿಯುದ್ದಕ್ಕೂ ಪದ ಜೋಡಿಸಿ ನೋಡಿದಳು, ಒಂದೂ ಕೂಡಲಿಲ್ಲ. ಮಿನೆಗಿಷಿ ಹೊಸ್ತಿಲಲ್ಲಿ ಕುಳಿತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

"ಮಿನೆಗಿಷಿ-ಸಾನ್, ಸ್ನಾನದ ಮನೆ ಗೋಡೆ ಮೇಲೆ... ನಿಮ್ಮ ಸಾದಾ ಗಿಡ ಒಂಬತ್ತಿದೆ. ಆಗ ಟೋಕಿಯೆಗೆ ಕೊಟ್ಟಿದ್ದೆ."

ಬೀಸಣಿಗೆ ನಿಂತಿತು. ಮುದುಕನ ಮುಖ ಮಗುವಿನದಾಯಿತು. "ಹುಳು ಬರೋ ಮೊದಲೇ ಕೊಟ್ಟಿದ್ರಾ! ಕಿಕ್ಕಿರಿದಿದೆ ಅಂತ ಒಂದಿಷ್ಟು ತೆಗೆದ್ರಿ, ಅಲ್ವಾ? ಎಂಥಾ ಪುಣ್ಯ, ಎಂಥಾ ಪುಣ್ಯ!"

ಎರಡನೆಯ ಸುಳ್ಳನ್ನು ಅವನೇ ಹೊಲಿದು, ಅಂಚು ಕಟ್ಟಿ, ಅವಳ ಕೈಗಿಟ್ಟಿದ್ದ. ಡಬ್ಬಕ್ಕೆ ಮುಚ್ಚಳ ಕೂಡುವಂತೆ ಕೂಡುತ್ತಿತ್ತು. ತಲೆಯಾಡಿಸಿದರೆ ಸಾಕು. ಅವಳು ಆಡಿಸಿದಳು ಕೂಡ, ಒಮ್ಮೆ. ಆಗ ಅವನು ಬೀಸಣಿಗೆ ಕೆಳಗಿಟ್ಟು, ಹೊಟ್ಟೆಯ ಗಾಯವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ನೋವಿಗೆ ತುಟಿ ಕಚ್ಚಿ, ಮೊಣಕಾಲೂರಿ ಹಣೆಯನ್ನು ಹೊಸ್ತಿಲಿಗೆ ತಾಗಿಸಲು ಹೊರಟ.

"ಬೇಡ!" ಎಂದಳು ಸುಮಿಯೆ. ಅಷ್ಟು ಜೋರಾಗಿ ಅವಳು ಆ ಓಣಿಯಲ್ಲಿ ಎಂದೂ ಕೂಗಿರಲಿಲ್ಲ. "ಹುಳು ಇರಲಿಲ್ಲ. ನಾನು ಕಿತ್ತೆ. ಬೇಕಂತಲೇ, ಚೆಂದ ಇಲ್ಲ ಅಂತ. ನಲವತ್ತು. ಎಣಿಸಿ ಕಿತ್ತೆ."

ಅವನು ಅರ್ಧ ಬಾಗಿದವನು ಹಾಗೆಯೇ ಇದ್ದ. ಆಮೇಲೆ ನಿಧಾನವಾಗಿ ಮೊದಲಿನಂತೆ ಕುಳಿತ. ಅವಳ ಕಡೆ ನೋಡಲಿಲ್ಲ.

"ಹುಳು ಅಂದಾಗ ಒಂಥರಾ ಸಮಾಧಾನ ಆಗಿತ್ತು ನನಗೆ" ಎಂದ ಕೊನೆಗೆ. "ಹುಳದ ಮೇಲೆ ಸಿಟ್ಟು ಮಾಡೋಕಾಗಲ್ಲ."

ಅವಳು ಒಳಗೋಡಿ ಸೋಪಿನ ಪೆಟ್ಟಿಗೆ ತಂದು ಅವನ ಮುಂದಿಟ್ಟಳು. ಸುತ್ತಿದ ಕಾಗದ ಬಿಚ್ಚಿರಲಿಲ್ಲ. ಅವನು ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.

"ಅದು ವಾಪಸ್ ತಗೊಳ್ಳೋ ವಸ್ತು ಅಲ್ಲ. ಬಣ್ಣದೋನು ಯಾವತ್ತು ಬರೋದು?"

"ಸೋಮವಾರ."

"ಮೊದಲು ಅದನ್ನ ನಿಲ್ಲಿಸಬೇಕು. ಟೋಕಿಯೆಗೆ ನಾನು ಹೇಳ್ತೀನಿ." ಚಪ್ಪಲಿಗೆ ಕಾಲು ತೂರಿಸುತ್ತ, ಇನ್ನೂ ಅವಳ ಕಡೆ ನೋಡದೆ, ಹಲಗೆಯ ಸುತ್ತಲಿನ ತಟ್ಟೆಗಳನ್ನು ತೋರಿಸಿದ. "ನನಗೆ ಹೇಳಿದ್ರಿ. ಇವನ್ನ ಇಟ್ಟೋರಿಗೆ?"

ಅದಕ್ಕೆ ಅವಳು ಸಿದ್ಧಳಿರಲಿಲ್ಲ. ಒಬ್ಬನೆದುರು ತಲೆ ತಗ್ಗಿಸಿದರೆ ಮುಗಿಯಿತು ಎಂದುಕೊಂಡಿದ್ದಳು.

ಏಳು ತಟ್ಟೆ ತೊಳೆದಳು, ಒರೆಸಿದಳು. ಏಳು ಬಾಗಿಲು ತಟ್ಟಿದಳು. ಪ್ರತಿ ಬಾಗಿಲಲ್ಲೂ ಮಾತು ಮೊದಲಿನಿಂದ ಶುರು ಮಾಡಬೇಕಿತ್ತು. ಎರಡನೆಯದು ಮೊದಲಿನದಕ್ಕಿಂತ ಸುಲಭವಾಗಲಿಲ್ಲ, ಏಳನೆಯದು ಆರನೆಯದಕ್ಕಿಂತಲೂ ಆಗಲಿಲ್ಲ. ಒಬ್ಬಾಕೆ "ಅಯ್ಯೋ, ಬಿಡಿ, ಬಿಡಿ" ಎಂದು ಅವಳ ಮಾತನ್ನೇ ಮುಚ್ಚಲು ನೋಡಿದಳು. ಒಬ್ಬರು ತಟ್ಟೆ ತೆಗೆದುಕೊಂಡು ಮಾತಿಲ್ಲದೆ ಬಾಗಿಲು ಹಾಕಿದರು. ನೊಬುಯೊ ಸೊಂಟಕ್ಕೆ ಕೈಯಿಟ್ಟು ಕೇಳಿದಳು, "ಹಾಗಾದ್ರೆ ನಮ್ಮ ಮನೆಯೋರ ಬಿಯರ್ ಕುಡಿದದ್ದು ಯಾವ ತಪ್ಪೂ ಮಾಡದ ಹುಳ?" ನಗುತ್ತಲೇ ಕೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ. "ನಿಮ್ಮನ್ನ ನಂಬಿ ನಾನು ಮೂರು ಗಿಡ ಕಿತ್ತು ಬಿಸಾಕಿದ್ದೀನಿ ಸುಮಿಯೆ-ಸಾನ್, ಇಷ್ಟು ವರ್ಷದಲ್ಲಿ. ಅವೂ ಯಾರದ್ದೋ ತಾಯಿ ಆಗಿದ್ವೋ ಏನೋ."

ಸುಮಿಯೆ ತಟ್ಟೆಯನ್ನು ಎರಡೂ ಕೈಯಲ್ಲಿ ಕೊಟ್ಟು ಬಾಗಿದಳು. ಮನೆಗೆ ಬಂದಾಗ ಕಿಸಾಬುರೊ ಚಹಾ ಸುರಿದು ಅವಳ ಮುಂದಿಟ್ಟ. ಕನ್ನಡಕದ ಮಾತೆತ್ತಲಿಲ್ಲ.

ಬಣ್ಣದವನನ್ನು ಅಕ್ಟೋಬರಿಗೆ ದೂಡಿದ್ದಾಯಿತು. ಆದರೆ ಒಂಬತ್ತು ಬಳ್ಳಿಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಯಾವ ಕಾಯಿ ಯಾವ ಬುಡದ್ದು ಎಂದು ತಿಳಿಯದಿದ್ದರೆ ಯಾವುದು ತಾಯಿ ಎಂದೂ ತಿಳಿಯುವುದಿಲ್ಲ. ಹೂ ಬಿರಿಯುವ ಮೊದಲೇ ಒಳಗೆ ತಾನೇ ಪರಾಗ ಕೊಟ್ಟುಕೊಳ್ಳುವ ಬಳ್ಳಿಯಾದ್ದರಿಂದ ಬೀಜ ಬೆರಕೆಯಾಗಿರುವ ಭಯವಿರಲಿಲ್ಲ. ಹುಡುಕಿ ಬೇರ್ಪಡಿಸುವ ಕೆಲಸವಷ್ಟೇ.

"ಕಣ್ಣು ಚುರುಕಾಗಿದೆಯಲ್ಲ ನಿಮ್ಮದು" ಎಂದ ಮಿನೆಗಿಷಿ. ಕೊಂಕೋ ಕೋರಿಕೆಯೋ ಅವಳಿಗೆ ಗೊತ್ತಾಗಲಿಲ್ಲ. ಅವಳು ಒಂಬತ್ತು ಬಣ್ಣದ ದಾರ ತಂದಳು. ಬುಡದಿಂದ ಹಿಡಿದು, ಬೆರಳಲ್ಲೇ ಬಳ್ಳಿಯನ್ನು ತಡವುತ್ತ, ಪ್ರತಿ ಅಡಿಗೊಂದು ಗಂಟು ಕಟ್ಟುತ್ತ ಏಣಿ ಹತ್ತಿದಳು. ಬಾಯ್ಲರಿನ ಶಾಖ ಬೆನ್ನಿಗೆ, ಸೆಪ್ಟೆಂಬರಿನ ಬಿಸಿಲು ತಲೆಗೆ. ಅರ್ಧ ದಾರಿಯಲ್ಲಿ ಅನುಮಾನ ಬಂದರೆ ಕೆಳಗಿಳಿದು ಬುಡದಿಂದ ಮತ್ತೆ ಶುರು. ಬೇಡವಾದದ್ದನ್ನು ಹುಡುಕಲು ಇಪ್ಪತ್ತಮೂರು ವರ್ಷ ಪಳಗಿದ ಬೆರಳುಗಳು ಮೊದಲ ಬಾರಿಗೆ ಒಂದನ್ನೂ ಬಿಡದೆ ಉಳಿಸಿಕೊಳ್ಳುವ ಕೆಲಸ ಮಾಡಿದವು. ನಾಲ್ಕು ದಿನ ಹಿಡಿಯಿತು. ಕೊನೆಯ ಸಂಜೆ ಅವಳು ಸೋಪಿನ ಕಾಗದ ಬಿಚ್ಚಿ, ಒಂದನ್ನು ಬೋಗುಣಿಯಲ್ಲಿಟ್ಟುಕೊಂಡು ಸ್ನಾನಕ್ಕೆ ಹೋದಳು. ಹಸಿರು ಕಲೆ ಉಗುರಿನ ಸಂದಿಯಿಂದ ಪೂರ್ತಿ ಹೋಗಲಿಲ್ಲ.

ಕಾಯಿ ಒಣಗಿದ ಮೇಲೆ ಬಿಡಿಸಿದ ಬೀಜಕ್ಕೆ, ದಾರಕ್ಕೊಂದರಂತೆ, ಒಂಬತ್ತು ಕಾಗದದ ಪೊಟ್ಟಣ. ಮುಂದಿನ ಮೇ ತಿಂಗಳು ಪ್ರತಿ ಪೊಟ್ಟಣದಿಂದ ಹನ್ನೆರಡು ಬೀಜ ಬಿತ್ತಿದರು. ಕೆಂಪು ದಾರದ್ದು: ಹನ್ನೆರಡೂ ಚಪ್ಪಟೆ. ಹಳದಿಯದು: ಹನ್ನೆರಡೂ ಚಪ್ಪಟೆ. ಮಿನೆಗಿಷಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಸುಮಿಯೆ ಎರಡು ಹೆಜ್ಜೆ ಹಿಂದೆ ನಿಂತಿದ್ದಳು, ಹತ್ತಿರ ಹೋಗುವ ಹಕ್ಕು ತನಗಿದೆಯೆಂದು ಅನಿಸಿರಲಿಲ್ಲ. ನೀಲಿ ದಾರದ ಸಾಲಿನಲ್ಲಿ ಮೂರು ಸಸಿಗಳ ಬೀಜದೆಲೆ ಒಳಕ್ಕೆ ಸುರುಳಿಗೊಂಡಿತ್ತು.

ಮಿನೆಗಿಷಿ ತಿರುಗದೆಯೇ, ಇಲ್ಲಿ ಬನ್ನಿ ಎಂಬಂತೆ ಎರಡು ಬೆರಳು ಆಡಿಸಿದ.

ಒಂಬತ್ತರಲ್ಲಿ ಐದು ಪೊಟ್ಟಣಗಳಲ್ಲಿ ಸಿಂಹವಿತ್ತು. ಸಿಂಹಗಳನ್ನು ಅವನು ಇಟ್ಟುಕೊಂಡ. ಐದು ಸಾಲಿನಿಂದಲೂ ನಾಲ್ಕು ನಾಲ್ಕು ಸಾದಾ ಸಸಿ ತೆಗೆದು ಸುಮಿಯೆಗೆ ಕೊಟ್ಟು, "ಇವನ್ನ ನೀವು ನೋಡ್ಕೊಳ್ಳಿ. ನನ್ನ ಹಲಗೇಲಿ ಜಾಗ ಸಾಲ್ದು" ಎಂದ. ಜಾಗವಿತ್ತು. ಅವಳಿಗೆ ಕಾಣುತ್ತಿತ್ತು.

ಈ ಬೇಸಿಗೆ ಅವಳ ಹಲಗೆಯ ಮೇಲಿನ ಎರಡು ಮೆಟ್ಟಿಲಲ್ಲಿ ಇಪ್ಪತ್ತು ಕುಂಡ ಸಾಧಾರಣ ನೀಲಿ ಹೂವಿದೆ. ಹೈಡ್ರಾಂಜಿಯ ಕೆಳಗಿಳಿದಿದೆ. "ಒಂದನೇ ಕ್ಲಾಸಿಗೆ ಸೇರ್ಕೊಂಡ್ರಾ ಅಕ್ಕಾ?" ಎಂದು ನೊಬುಯೊ ದಿನಾ ಬೆಳಿಗ್ಗೆ ಕೇಳುತ್ತಾಳೆ. ಸುಮಿಯೆ "ಹೂಂ" ಎನ್ನುತ್ತಾಳೆ. ಓಣಿಗೆ ಹೊಸಬರು ಬಂದಾಗ ಮಾತ್ರ ಕಷ್ಟ. ಮೊನ್ನೆ ಒಬ್ಬ ಹೆಂಗಸು ನಿಂತು, "ಇಷ್ಟು ಚೊಕ್ಕವಾದ ತೋಟದಲ್ಲಿ ಈ ಮಾಮೂಲಿ ಹೂವೇ ಯಾಕೆ ತುಂಬಿದ್ದೀರಿ?" ಎಂದು ಕೇಳಿದಳು. ನನಗಿಷ್ಟ ಎಂದುಬಿಡಬಹುದಿತ್ತು. ಈಗ ಅದು ಸುಳ್ಳೂ ಆಗುತ್ತಿರಲಿಲ್ಲ.

"ಹೋದ ವರ್ಷ ಪಕ್ಕದ ಮನೆಯೋರು ಇಂಥವನ್ನ ನಂಬಿ ಕೊಟ್ಟಿದ್ರು. ನಾನು ನಲವತ್ತು ಕಿತ್ತು ಹಾಕಿ, ಹುಳು ತಿಂತು ಅಂದೆ" ಎಂದಳು ಸುಮಿಯೆ. ಪ್ರತಿ ಸಲದಂತೆ ಕಿವಿ ಬಿಸಿಯಾಯಿತು. ಬೆರಳನ್ನು ಕುಂಡದ ಮಣ್ಣಿಗಿಳಿಸಿ ತೇವ ನೋಡಿದಳು.

ಗೋಡೆಯಾಚೆ ಜೊಂಡಿನ ಪರದೆಯ ಹಿಂದಿನಿಂದ ಮುದುಕನ ದನಿ ಬಂತು: "ಮೂವತ್ತೊಂದು. ಒಂಬತ್ತು ಬದುಕ್ಕೊಂಡ್ವು."

"ಕಿತ್ತಿದ್ದು ನಲವತ್ತೇ" ಎಂದು ಸುಮಿಯೆ ಗೋಡೆಗೆ ಹೇಳಿ, ನೀರಿನ ಚೆಂಬು ಎತ್ತಿಕೊಂಡಳು.